ನೀರುಹಕ್ಕಿಯ ಮರಿಯಾಗದ ಮೊಟ್ಟೆ: ಕೀಟನಾಶಕ ಪರೀಕ್ಷೆಗೆ ತೆಗೆಯುವ ಬಗೆ

ವನ್ಯಜೀವಿ ಅಧಿಕಾರಿಗಳ ಲಿಖಿತ ಅನುಮತಿ ಕೈಗೆ ಬರುವವರೆಗೂ ಗೂಡು ಮುಟ್ಟಬೇಡಿ.

ಬಾತುಗಳಲ್ಲಿ ಒಂದು ಗೂಡಿನ ಮರಿಗಳು ಹೆಚ್ಚುಕಡಿಮೆ ಒಟ್ಟಿಗೇ ಒಡೆದು ಬರುತ್ತವೆ. ತಾಯಿ ಅವನ್ನು ನೀರಿಗಿಳಿಸಿದ ಮೇಲೆ ಗೂಡಿನಲ್ಲಿ ಉಳಿದದ್ದನ್ನು ತೆಗೆಯಬಹುದು. ಆದರೆ ಕೆಟ್ಟ ಮೊಟ್ಟೆಗಳನ್ನಷ್ಟೇ ನೋಡಿದರೆ ಮರಿಯಾದವುಗಳಲ್ಲಿ ವಿಷವೆಷ್ಟಿತ್ತೆಂದು ಗೊತ್ತಾಗದು. ಕಾವಿನ ಆರಂಭದಲ್ಲೇ ಗೂಡಿಗೊಂದು ಮೊಟ್ಟೆ ತೆಗೆದು, ಮಿಕ್ಕವು ಏನಾದವೆಂದು ಗಮನಿಸುವುದು ಮೇಲು. ಒಂದೇ ಗೂಡಿನ ಐದು ಮೊಟ್ಟೆಗಳನ್ನು ಐದು ಮಾದರಿಯೆಂದು ಎಣಿಸಬೇಡಿ. ಎಲ್ಲಕ್ಕೂ ತಾಯಿ ಒಬ್ಬಳೇ.

ಅದೇ ದಿನ ಉದ್ದ, ಅಗಲ, ತೂಕ ಬರೆದುಕೊಳ್ಳಿ. ಮೊಟ್ಟೆಯನ್ನು ಇಡಿಯಾಗಿ ಫ್ರೀಜರಿಗೆ ಹಾಕಿದರೆ ಒಳಗಿನದು ಹಿಗ್ಗಿ ಓಡು ಸೀಳುತ್ತದೆ. ನಡುವಿನ ಸುತ್ತ ಕತ್ತರಿಸಿ, ಅಸಿಟೋನ್, ಹೆಕ್ಸೇನ್ ಎಂಬ ದ್ರಾವಕಗಳಲ್ಲಿ ತೊಳೆದ ಗಾಜಿನ ಬಾಟಲಿಗೆ ಒಳಗಿನದನ್ನು ಸುರಿದು, ತೂಗಿ, ಮೈನಸ್ 20 ಡಿಗ್ರಿಯಲ್ಲಿಡಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಅದರಿಂದ ಬಿಡುವ ಥಾಲೇಟ್ ಎಂಬ ರಾಸಾಯನಿಕಗಳು ಪರೀಕ್ಷೆ ಕೆಡಿಸುತ್ತವೆ. ಕೊಳೆತ ಮೊಟ್ಟೆ ಸಿಡಿಯುವುದುಂಟು, ಕಣ್ಣಿಗೆ ಕನ್ನಡಕವಿರಲಿ.

ಓಡನ್ನು ನೀರಲ್ಲಿ ತೊಳೆದು ಕೋಣೆಯ ಶಾಖದಲ್ಲಿ ತಿಂಗಳು ಒಣಗಿಸಿ, ನಡುಭಾಗದಲ್ಲಿ ನಾಲ್ಕೈದು ಕಡೆ 0.01 ಮಿಮೀವರೆಗೆ ಅಳೆಯಿರಿ. ಡಿಡಿಟಿ ಕೀಟನಾಶಕ ಒಡೆದು ಆಗುವ ಡಿಡಿಇ ಎಂಬ ವಿಷ ಓಡಿಗೆ ಸುಣ್ಣ ಸೇರುವುದನ್ನು ತಡೆಯುವುದರಿಂದ ಓಡು ತೆಳುವಾಗಿ, ತಾಯಿಯ ಭಾರಕ್ಕೇ ಬಿರುಕುಬಿಡುತ್ತದೆ. ಒಳಪೊರೆ ಸೇರಿಸಿ ಅಳೆದಿರಾ ಇಲ್ಲವಾ ಎಂದು ಬರೆದಿಡಿ. ಪೊರೆಸಹಿತ ಅಳತೆಯನ್ನು ಪೊರೆಯಿಲ್ಲದ ಹಳೆಯ ಅಳತೆಗೆ ಹೋಲಿಸಿದರೆ ತೆಳು ಓಡೂ ಸರಿಯಾಗಿಯೇ ಕಾಣುತ್ತದೆ. ಬಲಿತ ಭ್ರೂಣ ಓಡಿನ ಸುಣ್ಣವನ್ನೇ ಹೀರುತ್ತದೆ, ಹಾಗಾಗಿ ಕಾವಿನ ಒಂದೇ ಹಂತದವನ್ನು ಹೋಲಿಸಿ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಕಾವಿನಲ್ಲಿ ನೀರು ಆರುತ್ತದೆ, ವಿಷ ಆರುವುದಿಲ್ಲ. ಹಾಗಾಗಿ ಹಳೆಯ ಮೊಟ್ಟೆಯ ವರದಿ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಗಾತ್ರ ತಿಳಿಯಲು 0.51 × ಉದ್ದ × ಅಗಲದ ವರ್ಗ, ಸೆಂಟಿಮೀಟರಿನಲ್ಲಿ. ಮೊಟ್ಟೆ 5.8 × 4.2 ಸೆಂಮೀ ಇದ್ದರೆ ಸುಮಾರು 52 ಮಿಲೀ. ಒಳಗೆ ಉಳಿದದ್ದು 39 ಗ್ರಾಂ, ಪ್ರಯೋಗಾಲಯ ಹೇಳಿದ್ದು ಕೆಜಿಗೆ 4 ಮಿಗ್ರಾಂ ಎನ್ನಿ: ಹಸಿ ಮೊಟ್ಟೆಯ ಒಂದು ಮಿಲೀಗೆ ಸುಮಾರು ಒಂದು ಗ್ರಾಂ ಎಂದು ಹಿಡಿದು 4 × 39 ÷ 52, ಅಂದರೆ ಹಸಿ ಮೊಟ್ಟೆಯಲ್ಲಿದ್ದದ್ದು ಕೆಜಿಗೆ 3 ಮಿಗ್ರಾಂ.

ಮೊಟ್ಟೆಯಲ್ಲಿ ಏನೂ ಸಿಗಲಿಲ್ಲವೆಂದು ಹೊಲಕ್ಕೆ ಹೊಡೆದ ಔಷಧಿಯ ಮೇಲಿನ ಅನುಮಾನ ಕೈಬಿಡಬೇಡಿ. ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಬಗೆಯ ಕೀಟನಾಶಕಗಳು ಬೇಗ ಒಡೆದು ಇಲ್ಲವಾಗುತ್ತವೆ. ಅವು ಬಡಿಯುವುದು ತಾಯಿಯ ನರಕ್ಕೆ, ಕಾವು ತಪ್ಪುತ್ತದೆ. ಪೂರ್ತಿ ಮೊಟ್ಟೆಯಿದ್ದ ಗೂಡು ತಣ್ಣಗಿದ್ದರೆ ಸುತ್ತ ಸತ್ತ ಹಕ್ಕಿಯಿದೆಯೇ ಹುಡುಕಿ. ಸಿಕ್ಕರೆ ಕೈಗವಸು ಹಾಕಿ ಎತ್ತಿ, ತಕ್ಷಣ ತಂಪಿಗಿಟ್ಟು, ಮಿದುಳಿನ ಕೋಲಿನೆಸ್ಟರೇಸ್ (ಈ ಔಷಧಿಗಳು ತಡೆಯುವ ನರದ ಕಿಣ್ವ) ಪರೀಕ್ಷೆಗೆ ಕಳುಹಿಸಿ.