ಬಿಡಿ ಎಣ್ಣೆಯನ್ನು ನಮ್ಮ ಲ್ಯಾಬಿನಲ್ಲಿ ನೋಡುವ ಬಗೆ

ರಾಯಚೂರಿನಲ್ಲಿ ಬಿಡಿ ಶೇಂಗಾ ಎಣ್ಣೆ ಕೊಳ್ಳುವವರು ಮೂಸಿ ನೋಡಿ ಕೊಳ್ಳುತ್ತಾರೆ. ಆದರೆ ಮೂಗನ್ನು ನಂಬುವ ಹಾಗಿಲ್ಲ. ಅಗ್ಗದ ಎಣ್ಣೆಗೆ ಒಂದಿಷ್ಟು ಗಾಣದ ಎಣ್ಣೆ ಸೇರಿಸಿದರೂ ಘಮ ಬರುತ್ತದೆ. ನಾನು ಇಲ್ಲಿನ ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ವಿದ್ಯಾರ್ಥಿಗಳು ಮನೆಯಿಂದ ತರುವ ಎಣ್ಣೆಯನ್ನು ಲ್ಯಾಬಿನಲ್ಲಿ ಪರೀಕ್ಷಿಸುವುದು ನಮ್ಮಲ್ಲಿ ರೂಢಿ.

ಇದು ಹತ್ತಿ ಬೆಳೆಯುವ ಸೀಮೆ. ಹಾಗಾಗಿ ಮೊದಲು ಹತ್ತಿಕಾಳಿನ ಎಣ್ಣೆ ಬೆರೆತಿದೆಯಾ ಅಂತ ಹಾಲ್ಫೆನ್ ಪರೀಕ್ಷೆ ಮಾಡುತ್ತೇವೆ. ಕಾರ್ಬನ್ ಡೈಸಲ್ಫೈಡ್‌ನಲ್ಲಿ ಗಂಧಕ ಕರಗಿಸಿ, ಅಮೈಲ್ ಆಲ್ಕೋಹಾಲ್ ಜೊತೆ ಎಣ್ಣೆಗೆ ಹಾಕಿ ಬಿಸಿ ಮಾಡಿದಾಗ, ಹತ್ತಿಕಾಳಿನ ಎಣ್ಣೆ ಬೆರೆತಿದ್ದರೆ ಕೆಂಪು ಬಣ್ಣ ಬರುತ್ತದೆ. ಕಾರ್ಬನ್ ಡೈಸಲ್ಫೈಡ್ ಬೇಗ ಹೊತ್ತಿಕೊಳ್ಳುತ್ತದೆ. ಹತ್ತಿರದಲ್ಲಿ ಬೆಂಕಿ ಇರಲೇಬಾರದು. ಕೆಂಪಾಯಿತು ಅಂದರೆ ವಿಷ ಅಂತಲ್ಲ. ರಿಫೈನ್ಡ್ ಹತ್ತಿಕಾಳಿನ ಎಣ್ಣೆ ತಿನ್ನುವ ಎಣ್ಣೆಯೇ. ಶೇಂಗಾ ಎಣ್ಣೆ ಅಂತ ಮಾರಿದ್ದು ಮೋಸ, ಅಷ್ಟೇ.

ನನಗೆ ಜಾಸ್ತಿ ಭಯ ಮಿನರಲ್ ಆಯಿಲ್‌ನದು, ಅಂದರೆ ಪೆಟ್ರೋಲಿಯಂನಿಂದ ತೆಗೆದ ಎಣ್ಣೆಯದು. 1959ರಲ್ಲಿ ಮೊರಾಕೋದಲ್ಲಿ ವಿಮಾನದ ಎಂಜಿನ್ ಆಯಿಲ್ ಬೆರೆತ ಅಡುಗೆ ಎಣ್ಣೆ ತಿಂದು ಸುಮಾರು 10,000 ಜನರ ಕೈಕಾಲು ಸ್ವಾಧೀನ ತಪ್ಪಿತ್ತು. ಆ ಆಯಿಲ್‌ನಲ್ಲಿದ್ದ ಕ್ರೆಸೈಲ್ ಫಾಸ್ಫೇಟ್ ನರಗಳನ್ನು ಕೆಡಿಸಿತ್ತು.

ಇದಕ್ಕೆ ಹೋಲ್ಡೆ ಪರೀಕ್ಷೆ. ಆಲ್ಕೋಹಾಲ್‌ನಲ್ಲಿ ಕರಗಿಸಿದ ಅರ್ಧ ನಾರ್ಮಲ್ ಸಾಂದ್ರತೆಯ ಕಾಸ್ಟಿಕ್ ಪೊಟ್ಯಾಷ್ 25 ಮಿಲಿಗೆ 1 ಮಿಲಿ ಎಣ್ಣೆ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಅಲುಗಾಡಿಸುತ್ತಾ ಕುದಿಸುತ್ತೇವೆ. ಅಡುಗೆ ಎಣ್ಣೆ ಪೂರ್ತಿ ಸಾಬೂನಾಗಿ ಕರಗುತ್ತದೆ. ಮಿನರಲ್ ಆಯಿಲ್ ಸಾಬೂನಾಗುವುದಿಲ್ಲ. ಆಮೇಲೆ 25 ಮಿಲಿ ಬಿಸಿನೀರು ಹಾಕಬೇಕು. ಒಳ್ಳೆ ಎಣ್ಣೆಯ ಫ್ಲಾಸ್ಕ್ ತಿಳಿಯಾಗೇ ಇರುತ್ತದೆ. ಒಬ್ಬ ಹುಡುಗಿ ತಂದ ಎಣ್ಣೆಗೆ ನೀರು ಬಿದ್ದ ಕೂಡಲೇ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಶುದ್ಧ ಎಣ್ಣೆಯ ಫ್ಲಾಸ್ಕ್ ಪಕ್ಕದಲ್ಲೇ ಇಟ್ಟು ಮತ್ತೆ ಮಾಡಿದೆವು. ಹಾಗೇ ಬಂತು.

"ಸರ್, ಇದರಾಗೇ ಮಿರ್ಚಿ ಕರಿದೀವ್ರಿ" ಅಂದಳು. ಮುಖ ಬಾಡಿತ್ತು.

"ಉಳಿದದ್ದು ಚೆಲ್ಲಬ್ಯಾಡವಾ, ಮುಚ್ಚಿಡು" ಅಂದೆ.

ಈ ಪರೀಕ್ಷೆ ಮಿನರಲ್ ಆಯಿಲ್ ಇದೆ ಅಂತ ಮಾತ್ರ ಹೇಳುತ್ತದೆ. ಅದರ ಜೊತೆ ಕ್ರೆಸೈಲ್ ಫಾಸ್ಫೇಟ್ ಬಂದಿದೆಯೋ ಇಲ್ಲವೋ ತಿಳಿಯಲು ಟಿಎಲ್‌ಸಿ (ತೆಳು ಪದರದ ಮೇಲೆ ರಾಸಾಯನಿಕಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ) ಬೇಕು.

ಇನ್ನೊಂದು ಕಲಬೆರಕೆ ದತ್ತೂರಿ (ಆರ್ಜಿಮೋನ್) ಬೀಜದ ವಿಷದ ಎಣ್ಣೆ. ಅದು ಸಾಸಿವೆ ಎಣ್ಣೆಗೆ ಬೀಳುವುದೇ ಹೆಚ್ಚು. ನಮ್ಮಲ್ಲಿ ಸಾಸಿವೆ ಎಣ್ಣೆ ಕಡಿಮೆ. ಆದರೂ 1998ರಲ್ಲಿ ದೆಹಲಿಯಲ್ಲಿ ಇದು ಬೆರೆತ ಸಾಸಿವೆ ಎಣ್ಣೆಯಿಂದಾದ ಸಾವುಗಳ ಸುದ್ದಿ ಓದಿದವನಿಗೆ ಸುಮ್ನೆ ಬಿಡಲು ಮನಸ್ಸಾಗುವುದಿಲ್ಲ. ಹೊಲದ ಬದುವಿನ ಹಳದಿ ಹೂವಿನ ಈ ಮುಳ್ಳುಗಿಡದಿಂದ ಬೀಜ ತಂದು, ಹೆಕ್ಸೇನ್ ದ್ರಾವಕದಲ್ಲಿ ಎಣ್ಣೆ ತೆಗೆದು ಹೋಲಿಕೆಗೆ ಇಟ್ಟುಕೊಂಡಿದ್ದೇನೆ. ಎಣ್ಣೆಯನ್ನು ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಕಲಕಿ, ಬೇರೆಯಾದ ಆಮ್ಲದ ಪದರಕ್ಕೆ ಫೆರಿಕ್ ಕ್ಲೋರೈಡ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ದತ್ತೂರಿ ಎಣ್ಣೆ ಇದ್ದರೆ ಕೆಂಗಂದು ಸೂಜಿಯಂಥ ಹರಳುಗಳು ಕಾಣುತ್ತವೆ.

ಕಾಲೇಜಿನ ಫಲಿತಾಂಶ ಕಾನೂನಿಗೆ ಸಾಲದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ, ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆ ಹುಡುಗಿಯ ಮನೆಯವರಿಗೂ ಅದನ್ನೇ ಹೇಳಿದೆ. ಬಾಟಲಿಗೆ ಕೊಂಡ ದಿನ ಬರೆದು, ಬಿಗಿಯಾಗಿ ಮುಚ್ಚಿ, ಬಿಸಿಲು ತಾಗದ ಕಡೆ ಇಡಿಸಿದೆ.