ಮಳೆಗಾಲದ ಬಟ್ಟೆ, ಬೂಷ್ಟು, ಅಡಿಕೆ ಕಲೆ: ನಮ್ಮ ಬಚ್ಚಲಮನೆ ಲೆಕ್ಕಾಚಾರ

ಒಗೆದ ಬಟ್ಟೆಯೂ ಮುಗ್ಗಲು ವಾಸನೆ ಹೊಡೆಯುತ್ತದೆ ಎಂದು ಸೋಪಿನ ಪುಡಿ ಬದಲಿಸುವವರು ನಮ್ಮ ತೀರ್ಥಹಳ್ಳಿ ಕಡೆ ಬಹಳ ಜನ. ನಾನೂ ಬದಲಿಸಿದ್ದೇನೆ, ಒಂದೇ ಮಳೆಗಾಲದಲ್ಲಿ ನಾಲ್ಕು ಸಲ. ದುಡ್ಡು ಹೋಯಿತು, ವಾಸನೆ ಹೋಗಲಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಆಗುಂಬೆಯನ್ನು ಪಕ್ಕದಲ್ಲೇ ಇಟ್ಟುಕೊಂಡು, ಬಿಸಿಲೂರಿನ ಜಾಹೀರಾತು ನೋಡಿ ಬಟ್ಟೆ ಒಗೆದರೆ ಇನ್ನೇನಾಗುತ್ತದೆ ಹೇಳಿ. ನಮಗೆ ಕೊಳೆಗಿಂತ ತೇವದ್ದೇ ಕಾಟ. ಯಾವ ಪುಡಿ ಯಾವ ಕೆಲಸಕ್ಕೆ ಎಂದು ಗೊತ್ತಿದ್ದರೆ ನಾಲ್ಕೇ ನಾಲ್ಕು ಅಗ್ಗದ ಸಾಮಾನಿನಲ್ಲಿ ಮಳೆಗಾಲ ದಾಟಬಹುದು.

ಮೊದಲು ಆ ವಾಸನೆ ವಿಷಯ. 2012ರಲ್ಲಿ ಜಪಾನಿನ ಸಂಶೋಧಕರು ಇದರ ಹಿಂದೆ ಬಿದ್ದು ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾವನ್ನು ಹಿಡಿದರು. ಬಟ್ಟೆಯಲ್ಲಿ ಉಳಿದ ಬೆವರು, ಎಣ್ಣೆ ಅಂಶ ತಿಂದು ನಾತ ಬಿಡುವುದು ಇದೇ. ಬಟ್ಟೆ ಒಣಗಿದ ಮಾತ್ರಕ್ಕೆ ಸಾಯುವ ಪ್ರಾಣಿಯೂ ಅಲ್ಲ, ಮತ್ತೆ ನೀರು ಸಿಕ್ಕ ಕೂಡಲೇ ಎದ್ದು ಕೂರುತ್ತದೆ. ಮುಖ ಒರೆಸಿದ ತಕ್ಷಣ ಟವೆಲ್ ನಾರುವುದು ಅದಕ್ಕೇ. ಇದಕ್ಕೆ ಸುವಾಸನೆಯ ದ್ರವ ಹಾಕುವುದು ಅಂದರೆ ಸ್ನಾನ ಮಾಡದೆ ಸೆಂಟು ಹೊಡೆದುಕೊಂಡ ಹಾಗೆ.

ಬೇಕಾದದ್ದು ಬಿಸಿ. ನಮ್ಮ ಕಡೆ ಬಚ್ಚಲ ಒಲೆ ಹೇಗೂ ಉರಿಯುತ್ತಿರುತ್ತದೆ, ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ವಾರಕ್ಕೊಮ್ಮೆ ಟವೆಲ್, ಒಳಬಟ್ಟೆ, ಪಂಚೆ, ತಲೆದಿಂಬಿನ ಕವರು ಎಲ್ಲವನ್ನೂ ಬಕೆಟ್ಟಿಗೆ ಹಾಕಿ, ಕೈ ಇಡಲಾಗದಷ್ಟು ಬಿಸಿ ನೀರು, ಅಂದರೆ 60 ಡಿಗ್ರಿ ಆಸುಪಾಸಿನದ್ದು, ಪುಡಿ ಜೊತೆ ಸುರಿದು ಅರ್ಧ ಗಂಟೆ ಮುಚ್ಚಿಡಿ. ಕೋಲಿನಲ್ಲಿ ತಿರುವಿ, ಕೈ ಹಾಕಬೇಡಿ. ಬಣ್ಣ ಬಿಡುವ ಬಟ್ಟೆ ಬೇರೆ ಇಡಿ. ಆದರೆ ರಕ್ತ, ಹಾಲು, ಮಗುವಿನ ವಾಂತಿ ಆದ ಬಟ್ಟೆಯನ್ನು ನೇರ ಬಿಸಿ ನೀರಿಗೆ ಹಾಕಿದಿರೋ, ಮೊಟ್ಟೆ ಬೆಂದ ಹಾಗೆ ಕಲೆ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ. ಅಂಥದ್ದನ್ನು ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಎಂಜೈಮ್ ಇರುವ ಪುಡಿ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಒಂದು ಗಂಟೆ ನೆನೆಸಿ. ಬಟ್ಟೆಯ ಕೊಳೆಯನ್ನು ಎಂಜೈಮಿನಿಂದ ಕರಗಿಸುವ ಉಪಾಯಕ್ಕೆ 1913ರಲ್ಲಿ ಪೇಟೆಂಟ್ ಪಡೆದವನು ಜರ್ಮನಿಯ ಓಟೋ ರೋಮ್. ಪ್ರಾಣಿಯ ಮೇದೋಜೀರಕ ಗ್ರಂಥಿಯಿಂದ ತೆಗೆದ ಎಂಜೈಮ್ ಅದು! ಅಂದರೆ ಹೊಟ್ಟೆಯೊಳಗೆ ಮಾಂಸ ಕರಗಿಸುವ ಸಾಮಾನೇ ಅಂಗಿ ಕಲೆಯನ್ನೂ ಕರಗಿಸುತ್ತದೆ. ಕುದಿಯುವ ನೀರು ಬಿದ್ದರೆ ಆ ಎಂಜೈಮೂ ಕೆಟ್ಟುಹೋಗುತ್ತದೆ. ಹಾಗಾಗಿ ಬೆಚ್ಚಗಿನದು ಮೊದಲು, ಬಿಸಿ ಆಮೇಲೆ.

ಪುಡಿ ಎಷ್ಟು? ನೀವು ಈಗ ಹಾಕುವುದರಲ್ಲಿ ಅರ್ಧ ಹಾಕಿ ನೋಡಿ. ಗಡಸು ನೀರಿನಲ್ಲಿ ಸಾಬೂನು ನೊರೆ ಬಾರದೆ ಮೊಸರಿನ ಹಾಗೆ ಒಡೆಯುತ್ತದೆ, ಡಿಟರ್ಜೆಂಟ್ ಹಾಗೆ ಒಡೆಯುವುದಿಲ್ಲ. ಅದು ಹುಟ್ಟಿದ ಕಥೆ ಬೇರೆ: ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಸಾಬೂನಿಗೆ ಬೇಕಾದ ಕೊಬ್ಬೇ ಸಿಗದೆ 1916ರಲ್ಲಿ ಕೃತಕವಾಗಿ ಮಾಡಿದರು. ನಮ್ಮ ದೇಶದಲ್ಲಿ ಅದನ್ನು ಬಡವರ ಬಕೆಟ್ಟಿಗೂ ಮುಟ್ಟಿಸಿದ್ದು 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಮನೆಯಲ್ಲೇ ಕಲಸಿ ಸೈಕಲ್ ಮೇಲೆ ಮಾರಲು ಶುರು ಮಾಡಿದ ನಿರ್ಮಾ. ನಮ್ಮ ಬಾವಿ ನೀರು, ಅಬ್ಬಿ ನೀರು ಹೆಚ್ಚಿನ ಕಡೆ ಮೆದು. ಸ್ವಲ್ಪಕ್ಕೇ ನೊರೆ ಉಕ್ಕುತ್ತದೆ. ಜಾಸ್ತಿ ಹಾಕಿದ್ದು ಪೂರ್ತಿ ಜಾಲಿಸಿ ಹೋಗದೆ ನೂಲಿನಲ್ಲೇ ಉಳಿದು, ತೇವ ಹಿಡಿದು, ಕೊನೆಗೆ ಅದೇ ನಾತಕ್ಕೆ ದಾರಿ. ಒಣಗಿಸುವಾಗ ಒಂದರ ಮೇಲೊಂದು ಹಾಕಬೇಡಿ, ಫ್ಯಾನಿನ ಗಾಳಿ ಎರಡೂ ಮಗ್ಗುಲಿಗೆ ತಾಗಲಿ. ಬಚ್ಚಲ ಒಲೆ ಮೇಲಿನ ತಂತಿಯಲ್ಲಿ ಹಾಕಿದರೆ ಬೇಗ ಒಣಗುತ್ತದೆ, ನಿಜ, ಆದರೆ ಶಾಲೆಗೆ ಹೋಗುವ ಮಕ್ಕಳು ಹೊಗೆ ಅಡಿಕೆ ಹಾಗೆ ಘಮ್ಮೆನ್ನುತ್ತಾರೆ.

ಇನ್ನು ಅಡಿಕೆ ಕಲೆ. ಇದರ ಬಗ್ಗೆ ಯಾವ ಪ್ಯಾಕೆಟ್ ಮೇಲೂ ಬರೆದಿರುವುದಿಲ್ಲ, ಅದಕ್ಕೇ ನಾನು ಸ್ವಲ್ಪ ಉದ್ದ ಬರೆಯುತ್ತೇನೆ. ಹಸಿ ಅಡಿಕೆ ಸುಲಿಯುವಾಗ ಸಿಡಿಯುವ ರಸ, ಅಡಿಕೆ ಬೇಯಿಸಿದ ನೀರು ಅಂದರೆ ಚೊಗರು, ಎರಡರಲ್ಲೂ ಟ್ಯಾನಿನ್ ಎಂಬ ಒಗರಿನ ಅಂಶ ಇದೆ. ಟ್ಯಾನಿನ್ ಕಲೆಗೆ ಬಾರ್ ಸೋಪು ತಿಕ್ಕುವುದೇ ನಾವು ಮಾಡುವ ಮೊದಲ ತಪ್ಪು. ಸಾಬೂನಿನ ಕ್ಷಾರ ತಾಗಿದರೆ ಅದು ಇನ್ನೂ ಕಪ್ಪಾಗುತ್ತದೆ, ಗಟ್ಟಿಯಾಗಿ ಕೂರುತ್ತದೆ. ಕಬ್ಬಿಣ ತಾಗಿದರಂತೂ ಮುಗಿಯಿತು: ಟ್ಯಾನಿನ್ ಮತ್ತು ಕಬ್ಬಿಣ ಸೇರಿಸಿಯೇ ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದುದು. ತುಕ್ಕು ಹಿಡಿದ ಬಕೆಟ್ಟಿನಲ್ಲಿ ಸುಲಿಯುವವರ ಅಂಗಿ ನೆನೆಸಿದರೆ ನೀವೂ ಶಾಯಿಯನ್ನೇ ಮಾಡಿದ ಹಾಗಾಯಿತು.

ಸರಿಯಾದ ಕ್ರಮ ಹೀಗೆ. ಕಲೆ ಹಸಿಯಿರುವಾಗಲೇ ಬರೀ ತಣ್ಣೀರಲ್ಲಿ ಹಿಂಡಿ. ಆಮೇಲೆ ಹುಳಿ ಹಚ್ಚಿ. ನಿಂಬೆಹಣ್ಣೇ ಬೇಕೆಂದಿಲ್ಲ, ಉಪ್ಪಿನಕಾಯಿಗೆ ಹೋಗಿ ಉಳಿದ ಕಂಚಿಕಾಯಿ, ಹೇರಳೆಕಾಯಿ ರಸವೂ ಆಗುತ್ತದೆ. ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಉಳಿದ ಕಂದು ಬಣ್ಣಕ್ಕೆ ಆಮ್ಲಜನಕದ ಬ್ಲೀಚು, ಅಂದರೆ ಅಂಗಡಿಯ ಕಲೆ ತೆಗೆಯುವ ಪುಡಿ. ಪ್ಯಾಕೆಟ್ ಹಿಂದೆ ಸೋಡಿಯಂ ಪರ್ಕಾರ್ಬೊನೇಟ್ ಎಂದು ಇದೆಯಾ ನೋಡಿಕೊಳ್ಳಿ. ಅದು ಬಿಸಿ ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ, ಅದು ಕಲೆಯ ಬಣ್ಣವನ್ನು ಒಡೆಯುತ್ತದೆ. 1907ರಲ್ಲಿ ಜರ್ಮನಿಯಲ್ಲಿ ಬಂದ ಪರ್ಸಿಲ್ ಪುಡಿಯ ಗುಟ್ಟೂ ಹೆಚ್ಚುಕಡಿಮೆ ಇದೇ. ಅದರಲ್ಲಿದ್ದದ್ದು ಪರ್ಬೋರೇಟ್, ಅದಕ್ಕೆ ಇನ್ನೂ ಬಿಸಿ ನೀರು ಬೇಕಿತ್ತು. ಹಂಡೆ ನೀರಿಗೆ ಪುಡಿ ಕದಡಿ, ಹತ್ತಿ ಬಟ್ಟೆ ಎರಡು ಮೂರು ಗಂಟೆ ನೆನೆಯಲಿ. ಕದಡಿದ ನೀರನ್ನು ಮಾತ್ರ ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಡಿ, ಗಾಳಿ ತುಂಬಿ ಬಾಟಲಿ ಹಾರುತ್ತದೆ. ಹಳೇ ಕಲೆ ಪೂರ್ತಿ ಹೋಗುವುದಿಲ್ಲ, ತೆಳುವಾಗುತ್ತದೆ ಅಷ್ಟೇ. ಬಾಳೆ ಕಲೆ ಅದಕ್ಕಿಂತ ಹಠಮಾರಿ. ಅದಕ್ಕೆ ತೋಟದ ಅಂಗಿ ಅಂತ ಒಂದನ್ನು ಬೇರೆ ಇಡುವುದೇ ಪರಿಹಾರ.

ತೋಟಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ, ಅಡಿಕೆ ಮರ ಹತ್ತುವ ಕೊನೆಗೌಡರ ಬಟ್ಟೆ ಮೇಲೆ ಕೂರುವ ನೀಲಿ ಕಲೆಗೂ ಹುಳಿಯೇ ಮದ್ದು. ಆ ಔಷಧಿಯೇ ಬೋರ್ಡೋ ದ್ರಾವಣ, ಅದರ ಮೈಲುತುತ್ತ ಸುಣ್ಣದ ಜೊತೆ ಸೇರಿ ನೀರಲ್ಲಿ ಕರಗದ ನೀಲಿ ಪುಡಿಯಾಗಿರುತ್ತದೆ, ವಿನೆಗರಿನಲ್ಲಿ ಕರಗುತ್ತದೆ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯಬೇಡಿ.

ಈಗ ಬ್ಲೀಚಿಂಗ್ ಪುಡಿ. ಗ್ರಾಮ ಪಂಚಾಯಿತಿಯವರು ಬಾವಿಗೆ ಹಾಕುವ, ಅಂಗಳದ ಪಾಚಿಗೆ ನಾವು ಎರಚುವ ಅದೇ ಬಿಳಿ ಪುಡಿ. ಇದು ಬರುವ ಮುಂಚೆ ಯುರೋಪಿನಲ್ಲಿ ಬಟ್ಟೆ ಬಿಳಿ ಮಾಡಲು ಹುಳಿ ಮಜ್ಜಿಗೆಯಲ್ಲಿ ಅದ್ದಿ ತಿಂಗಳುಗಟ್ಟಲೆ ಹುಲ್ಲಿನ ಮೇಲೆ ಬಿಸಿಲಿಗೆ ಹರಡುತ್ತಿದ್ದರು. 1785ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಬರ್ತೊಲೆ ಕ್ಲೋರಿನ್ ಅನಿಲ ಬಣ್ಣ ತೆಗೆಯುತ್ತದೆ ಎಂದು ತೋರಿಸಿದ. ಅನಿಲವನ್ನು ಯಾರು ಹೊತ್ತು ತಿರುಗುತ್ತಾರೆ? 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನ್ನೆಂಟ್ ಅದನ್ನು ಅರಳಿದ ಸುಣ್ಣಕ್ಕೆ ಕುಡಿಸಿ ಪುಡಿ ಮಾಡಿ ಪೇಟೆಂಟ್ ಪಡೆದ. ಅದು ರೋಗಾಣುವನ್ನೂ ಕೊಲ್ಲುತ್ತದೆ ಎಂಬುದು ನಿಧಾನಕ್ಕೆ ಗೊತ್ತಾಯಿತು. 1847ರಲ್ಲಿ ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್ ಇದೇ ತರದ ಸುಣ್ಣದ ನೀರಲ್ಲಿ ಡಾಕ್ಟರುಗಳ ಕೈ ತೊಳೆಸಿದ ಮೇಲೆ ಬಾಣಂತಿಯರ ಸಾವು ಥಟ್ಟನೆ ಇಳಿಯಿತು. ರೋಗಾಣು ಎಂದರೇನು ಎಂದೇ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಗೋಡೆಯ ಬೂಷ್ಟಿಗೆ: ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಪೊರಕೆಯಲ್ಲಿ ಗುಡಿಸಿದರೆ ಬೂಷ್ಟು ಮನೆ ತುಂಬಾ ಹಾರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರ್ ನೀರಿಗೆ ಸುಮಾರು 30 ಗ್ರಾಂ ತಾಜಾ ಪುಡಿ ಕದಡಿ, ಗಸಿ ಕೂತ ಮೇಲೆ ತಿಳಿ ನೀರನ್ನು ಹಚ್ಚಿ, ಕಾಲು ಗಂಟೆ ಬಿಟ್ಟು ಉಜ್ಜಿ ತೊಳೆಯಿರಿ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಗೋಡೆ ಸೋರುತ್ತಿದ್ದರೆ ಹದಿನೈದು ದಿನಕ್ಕೆ ಬೂಷ್ಟು ವಾಪಸ್, ಅದಕ್ಕೆ ಹೆಂಚು ಸರಿಮಾಡಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಅಂಗಳದ ಪಾಚಿಗಾದರೆ ಮಳೆ ಹೊಳವಾದ ಹೊತ್ತು ನೋಡಿ ಹಾಕಿ, ಒಂದು ಗಂಟೆ ಬಿಟ್ಟು ಕಡ್ಡಿಪೊರಕೆಯಲ್ಲಿ ಉಜ್ಜಿ. ಹಳ್ಳಕ್ಕೆ, ಮೀನಿರುವ ಕೆರೆಗೆ ಆ ನೀರು ಇಳಿಯದಂತೆ ನೋಡಿಕೊಳ್ಳಿ. ಇನ್ನೊಂದು ಮಾತು: ಈ ಪುಡಿ ತೇವಕ್ಕೆ ಸಾಯುತ್ತದೆ. ಹೋದ ವರ್ಷ ಒಡೆದಿಟ್ಟ ಪ್ಯಾಕೆಟ್ ಈ ವರ್ಷ ಬರೀ ಸುಣ್ಣ. ಸಣ್ಣ ಪ್ಯಾಕೆಟ್ ತನ್ನಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ಬ್ಲೀಚಿಂಗ್ ಜೊತೆ ಹುಳಿ, ವಿನೆಗರ್, ಕಕ್ಕಸಿಗೆ ಹಾಕುವ ಆಸಿಡ್ ಯಾವುದನ್ನೂ ಸೇರಿಸಬೇಡಿ. ನಾನು ಸೇರಿಸಿದ್ದೇನೆ. ಎರಡೂ ಹಾಕಿದರೆ ಡಬಲ್ ಕ್ಲೀನ್ ಆಗುತ್ತದೆ ಎಂಬ ಅತಿಬುದ್ಧಿ. ಟೆನ್ನೆಂಟ್ ಸುಣ್ಣದೊಳಗೆ ಕೂಡಿಹಾಕಿದ ಕ್ಲೋರಿನ್ ಅನಿಲ ಒಂದೇ ಸಲ ಹೊರಗೆ ಬಂತು. ಕಣ್ಣು ಉರಿ, ಎದೆ ಹಿಡಿದ ಹಾಗೆ, ಕೆಮ್ಮುತ್ತಾ ಮಳೆಯಲ್ಲೇ ಅಂಗಳಕ್ಕೆ ಓಡಿದೆ. ಅತ್ತಿಗೆ ಇವತ್ತಿಗೂ ಬಂದವರಿಗೆಲ್ಲ ಅದನ್ನು ಹೇಳಿ ನಗುತ್ತಾರೆ. ಆದರೆ ಅದು ನಗುವ ವಿಷಯ ಅಲ್ಲ, ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಬರಬಹುದು. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬೇಡ. ನಿಂಬೆ ಹಚ್ಚಿದ ಬಟ್ಟೆಯನ್ನು ತೊಳೆಯದೆ ಬ್ಲೀಚಿಗೆ ಹಾಕುವುದೂ ಬೇಡ. ಕೆಂಪು ಮಣ್ಣಿನ ಕಲೆಗೂ ಕ್ಲೋರಿನ್ ಬೇಡ, ಮಣ್ಣಿನ ಬಣ್ಣ ಕಬ್ಬಿಣದ ತುಕ್ಕಿನದ್ದು, ಬ್ಲೀಚಿಗೆ ಹೋಗುವುದಿಲ್ಲ. ಮಣ್ಣು ಒಣಗಿದ ಮೇಲೆ ಕೊಡವಿ, ಆಮೇಲೆ ಒಗೆಯಿರಿ.

ರೇಷ್ಮೆ, ಉಣ್ಣೆಗೆ ಬ್ಲೀಚಿಂಗ್ ಮುಟ್ಟಿಸಲೇಬೇಡಿ, ನೂಲೇ ಕರಗುತ್ತದೆ. ಅಲ್ಲಿ ಅಜ್ಜಿಯ ಅಂಟುವಾಳವೇ ಸರಿ. ಅದರ ಸಿಪ್ಪೆಯ ಸಪೋನಿನ್ ನೊರೆ ಕೊಡುತ್ತದೆ, ರೇಷ್ಮೆಗೆ ಮೃದು. ಏಳೆಂಟು ಕಾಯಿ ಬೀಜ ತೆಗೆದು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ, ತಣ್ಣೀರಿಗೆ ಬೆರೆಸಿ ಸೀರೆ ಅದ್ದಿ ತೆಗೆಯಿರಿ. ಹಿಂಡಬೇಡಿ. ಬೂಷ್ಟು ಬಂದ ಸೀರೆಯನ್ನು ಮೊದಲು ಹೊರಗೆ ಮೆತ್ತಗಿನ ಬ್ರಶ್ಶಿನಲ್ಲಿ ಒರೆಸಿ ನೆರಳಲ್ಲಿ ಗಾಳಿಗೆ ಹಾಕಿ.

ಮಳೆ ಮುಗಿದು ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಕಾಡಿಗೆ ಹೋಗುವ ದಿನ ಬಂದಾಗ ಹಂಡೆ ನೀರಿನ ಕೆಲಸ ಇನ್ನೊಂದಿದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ತರುವ, ಮೈಗೆ ಕಚ್ಚಿ ರಕ್ತ ಹೀರುವ ಉಣುಗು ತಣ್ಣೀರಲ್ಲಿ ಒಗೆದರೆ ಸಾಯುವುದಿಲ್ಲ. ಕಾಡಿಂದ ಬಂದ ಬಟ್ಟೆಯನ್ನು ಒಳಗೆ ತಂದು ಗೂಟಕ್ಕೆ ನೇತುಹಾಕದೆ, ಬಚ್ಚಲ ಹೊರಗೇ ಬಿಚ್ಚಿ, ನೇರ ಕುದಿವ ನೀರಿರುವ ಬಕೆಟ್ಟಿಗೆ ಹಾಕಿ ಮುಚ್ಚಿ. ಆಮೇಲೆ ಸೋಪು ಹಚ್ಚಿ ಬಿಸಿನೀರಿನ ಸ್ನಾನ. ಕಂಕುಳು, ಮಂಡಿ ಹಿಂದೆ, ಕಿವಿ ಸಂದಿ ನೋಡಿಕೊಳ್ಳಿ, ಮಕ್ಕಳದ್ದಾದರೆ ತಲೆಕೂದಲೂ.