ಸ್ಕೀ ಬೂಟಿನಲ್ಲಿ ಕಾಲ್ಬೆರಳು ಮರಗಟ್ಟದಿರಲು ಏನು ಮಾಡಬೇಕು

ಜನವರಿ ಬಂದರೆ ನಮ್ಮ ಕೊಡಗಿನ ಸಿದ್ದಾಪುರ ಕಡೆ ರೋಬಸ್ಟಾ ಕಾಫಿ ಕೊಯ್ಲಿನ ಗಡಿಬಿಡಿ. ಅದೇ ಹೊತ್ತಿಗೆ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿಯಲ್ಲಿ ಹಿಮ ಚೆನ್ನಾಗಿ ಕೂತಿರುತ್ತದೆ. ಕೊಯ್ಲಿನ ಮಧ್ಯೆ ಹೇಗೋ ರಜೆ ಹೊಂದಿಸಿಕೊಂಡು ಸ್ಕೀ ಕಲಿಯಲು ಹೊರಡುವ ಹುಡುಗ ಹುಡುಗಿಯರು ಈಗ ನಮ್ಮಲ್ಲೂ ಇದ್ದಾರೆ. ಸೇನೆಯಲ್ಲಿದ್ದಾಗ ನಾನು ಗುಲ್ಮಾರ್ಗಿನಲ್ಲೇ ಸ್ಕೀ ಕಲಿತದ್ದರಿಂದ, ಹೊರಡುವ ಮುಂಚೆ ಒಂದು ಮಾತು ಕೇಳಿಕೊಂಡು ಹೋಗುತ್ತಾರೆ. ಕಳೆದ ಸಲ ಬಂದವಳು ತಂಗಿಯ ಮಗಳು. "ಮಾವ, ದಪ್ಪ ಉಲ್ಲನ್ ಸಾಕ್ಸ್ ಎರಡು ಜೊತೆ ತಗೊಂಡಿದೀನಿ. ಒಂದರ ಮೇಲೊಂದು ಹಾಕಿದರೆ ಸಾಕಲ್ವಾ?"

ಬೇಡ ಎಂದೆ. ಒಂದೇ ಜೊತೆ ಹಾಕು, ಅದೂ ತೆಳ್ಳಗಿನದು.

ಇದನ್ನು ಯಾರೂ ಸುಲಭವಾಗಿ ನಂಬುವುದಿಲ್ಲ. ಆದರೆ ಸಾಕ್ಸ್ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ಬೆರಳಿಗೆ ಶಾಖ ತರುವುದು ರಕ್ತ. ಚಳಿ ಹೆಚ್ಚಾದಾಗ ದೇಹ ಮೊದಲೇ ಕೈಕಾಲಿನ ತುದಿಗೆ ರಕ್ತ ಕಡಿಮೆ ಮಾಡುತ್ತದೆ, ಎದೆ ಹೊಟ್ಟೆಯ ಭಾಗವನ್ನು ಕಾಪಾಡಿಕೊಳ್ಳಲು. ಸ್ಕೀ ಬೂಟಿನ ಹೊರಕವಚ ಗಟ್ಟಿ ಪ್ಲಾಸ್ಟಿಕ್ಕಿನದು, ಚರ್ಮದ ಬೂಟಿನ ಹಾಗೆ ಹಿಗ್ಗುವುದಿಲ್ಲ. ಒಳಗೆ ಎರಡು ಸಾಕ್ಸ್ ತುರುಕಿ ಬಕಲ್ ಬಿಗಿದರೆ ಪಾದದ ಮೇಲೆ ಹಾದುಹೋಗುವ ರಕ್ತನಾಳ ಒತ್ತಿಹೋಗುತ್ತದೆ. ತೋಟದಲ್ಲಿ ಸ್ಪ್ರಿಂಕ್ಲರ್ ಪೈಪ್ ಎಲ್ಲೋ ಮಡಚಿಕೊಂಡರೆ ತುದಿಗೆ ನೀರು ಹೋಗುವುದಿಲ್ಲವಲ್ಲ, ಹಾಗೆಯೇ ಇದು. ಆದ್ದರಿಂದ ಎರಡೇ ಕೆಲಸ ನೆನಪಿಡಿ: ರಕ್ತಕ್ಕೆ ದಾರಿ ಬಿಡುವುದು, ಬೂಟಿನ ಒಳಗನ್ನು ಒಣಗಿಸಿಡುವುದು.

ಅಳತೆಯಿಂದ ಶುರು ಮಾಡಿ, ಅದೂ ಊರಿನಲ್ಲೇ. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತದೆ, ಆಗ ಅಳೆಯುವುದು ಒಳ್ಳೆಯದು. ನೆಲದ ಮೇಲೆ ಕಾಗದ ಹಾಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿ. ಅತಿ ಉದ್ದದ ಬೆರಳಿನ ತುದಿಗೆ ಗೆರೆ ಹಾಕಿ ಸೆಂಟಿಮೀಟರಿನಲ್ಲಿ ಅಳೆಯಿರಿ. ಸ್ಕೀ ಬೂಟಿನ ಸೈಜ್ ಇದೇ. ಮಾಂಡೋಪಾಯಿಂಟ್ ಅನ್ನುತ್ತಾರೆ. ಪಾದ 26 ಸೆಂಟಿಮೀಟರ್ ಇದ್ದರೆ ಬೂಟೂ 26 ಅಥವಾ 26.5. ಚಪ್ಪಲಿ ಅಂಗಡಿಯ ಏಳು, ಎಂಟು ನಂಬರ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಎರಡೂ ಕಾಲು ಅಳೆಯಿರಿ, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ.

ಬಾಡಿಗೆ ಬೂಟನ್ನು ಹಿಂದಿನ ದಿನ ಸಂಜೆಯೇ ಹೋಗಿ ಆರಿಸಿಕೊಳ್ಳಿ. ಬೆಳಗಿನ ನೂಕುನುಗ್ಗಲಿನಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳಬೇಕಾಗುತ್ತದೆ. ಒಳಗಿನ ಮೆತ್ತನೆಯ ಲೈನರ್ ಹೊರಗೆಳೆದು, ಬರೀ ಪ್ಲಾಸ್ಟಿಕ್ ಶೆಲ್ಲಿನಲ್ಲಿ ಕಾಲಿಡಿ. ಬೆರಳು ಮುಂದೆ ಮೆಲ್ಲಗೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಸೆಂಟಿಮೀಟರ್ ಜಾಗ ಇರಬೇಕು. ಆಮೇಲೆ ಲೈನರ್ ಹಾಕಿ ನೋಡಿ. ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗುತ್ತದೆ, ಮೊಣಕಾಲು ಮುಂದಕ್ಕೆ ಬಾಗಿಸಿದರೆ ಹಿಂದಕ್ಕೆ ಸರಿಯುತ್ತದೆ. ಅದು ಸರಿಯಾದ ಬೂಟು. ಬೆರಳು ಆಡಿಸಲು ಬರಬೇಕು, ಹಿಮ್ಮಡಿ ಮೇಲೇಳಬಾರದು. ಆರಾಮಾಗಿದೆ ಅಂತ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಬೇಡಿ. ಒಳಗೆ ಕಾಲು ಜಾರುತ್ತದೆ, ಜಾರುವುದನ್ನು ತಡೆಯಲು ಬಕಲ್ ಎಳೆದು ಬಿಗಿಯುತ್ತೀರಿ, ಕೊನೆಗೆ ಬೆರಳು ಮರಗಟ್ಟುತ್ತದೆ. ದೊಡ್ಡ ಬೂಟಿನಲ್ಲಿ ಚಳಿ ಹಿಡಿದವರನ್ನೇ ನಾನು ಜಾಸ್ತಿ ಕಂಡಿದ್ದೇನೆ.

ಸಾಕ್ಸ್ ಉಣ್ಣೆಯದಿರಲಿ, ಮೆರಿನೋ ಸಿಕ್ಕಿದರೆ ಇನ್ನೂ ಒಳ್ಳೆಯದು. ಮೊಣಕಾಲಿನವರೆಗೆ ಬರಬೇಕು, ಎಲ್ಲೂ ಸುಕ್ಕಿರಬಾರದು. ಹತ್ತಿ ಬೇಡವೇ ಬೇಡ. ಬೆವರು ಕುಡಿದು ಒದ್ದೆಯಾದರೆ ಅದು ಸುಲಭಕ್ಕೆ ಒಣಗುವುದಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹಾಕುವ ಜಿಗಣೆ ಸಾಕ್ಸನ್ನೂ ಕೆಲವರು ಬ್ಯಾಗಿಗೆ ಹಾಕುತ್ತಾರೆ. ಒತ್ತಾಗಿ ನೇಯ್ದ ಬಟ್ಟೆ, ಗಟ್ಟಿ, ನಿಜ. ಆದರೆ ಅದು ಹತ್ತಿಯದು, ಹೊಲಿಗೆಯೂ ದಪ್ಪ. ಮನೆಯಲ್ಲೇ ಇರಲಿ. ಥರ್ಮಲ್ ಪ್ಯಾಂಟಿನ ತುದಿಯನ್ನೂ ಬೂಟಿನೊಳಗೆ ತುರುಕಬಾರದು. ಮೇಲಕ್ಕೆ ಎಳೆದುಕೊಳ್ಳಿ. ಬೂಟಿನೊಳಗೆ ಕಾಲು ಮತ್ತು ಸಾಕ್ಸ್, ಅಷ್ಟೇ. ಹೋಟೆಲಿನಿಂದ ಬೇರೆ ಸಾಕ್ಸಿನಲ್ಲಿ ಹೋಗಿ, ಸ್ಕೀ ಬೂಟು ಹಾಕುವಾಗ ಒಣ ಜೊತೆಗೆ ಬದಲಾಯಿಸಿ. ಕಾಲು ತುಂಬ ಬೆವರುವವರು ಹಿಂದಿನ ರಾತ್ರಿ ಪಾದಕ್ಕೆ ಬೆವರು ತಡೆಯುವ ರೋಲ್ ಆನ್ ಹಚ್ಚಿ ಮಲಗಬಹುದು.

ಇನ್ನು ಬಕಲ್. ಸಾಮಾನ್ಯವಾಗಿ ನಾಲ್ಕು ಇರುತ್ತವೆ, ಮೇಲೆ ಒಂದು ಅಗಲದ ಪಟ್ಟಿ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ. ಮೊದಲು ಕಣಕಾಲಿನ ಮೇಲಿನ ಎರಡು ಬಕಲ್ ಹಾಕಿ, ಮೊಣಕಾಲು ಬಾಗಿಸಿ ಮತ್ತೆ ಸ್ವಲ್ಪ ಬಿಗಿಯಿರಿ. ಸ್ಕೀಯನ್ನು ತಿರುಗಿಸುವ ಬಲ ಹೋಗುವುದು ಕಣಕಾಲಿನಿಂದ. ಪಾದದ ಮೇಲಿನ ಎರಡು ಬಕಲ್ ತೆರೆದುಕೊಳ್ಳದಷ್ಟು ಸಿಕ್ಕಿದರೆ ಸಾಕು. ಬೆರಳಿನ ಹತ್ತಿರದ್ದನ್ನಂತೂ ಕೊನೆಯ ಹಲ್ಲಿಗೆ ಎಳೆಯುವ ಅಗತ್ಯವೇ ಇಲ್ಲ. ಸೇನೆಯಲ್ಲಿ ಸ್ಕೀ ಕಲಿಸಿದ ನಮ್ಮ ಉಸ್ತಾದ್ ಸಾಲಾಗಿ ನಿಲ್ಲಿಸಿ ಮೊದಲು ನೋಡುತ್ತಿದ್ದುದೇ ಆ ಕೆಳಗಿನ ಬಕಲ್. ಇಳಿಜಾರಿನ ಮೇಲಕ್ಕೆ ಒಯ್ಯುವ ಕೇಬಲ್ ಕಾರ್, ಅಂದರೆ ಗೊಂಡೋಲಾ ಹತ್ತಿದಾಗ, ಸರದಿಯಲ್ಲಿ ನಿಂತಾಗ, ಚಹಾ ಕುಡಿಯುವಾಗ ಎಲ್ಲ ಬಕಲ್ ಬಿಚ್ಚಿಬಿಡಿ. ಇಷ್ಟು ಮಾಡಿದರೇ ಅರ್ಧ ಸಮಸ್ಯೆ ಕಳೆಯುತ್ತದೆ.

ಗುಲ್ಮಾರ್ಗ್ ಅಂದಾಗ ನಮ್ಮವರಿಗೆ ಒಂದು ವಿಷಯ ಹೇಳಲೇಬೇಕು. ಅಲ್ಲಿ 1948ರ ಡಿಸೆಂಬರಿನಲ್ಲಿ ಸೇನೆಯ ಸ್ಕೀ ಶಾಲೆ ಶುರು ಮಾಡಿಸಿದವರು ಮಡಿಕೇರಿಯ ತಿಮ್ಮಯ್ಯನವರು. ಆಗ ಅವರು 19ನೇ ಇನ್‌ಫೆಂಟ್ರಿ ಡಿವಿಜನ್ನಿನ ಮುಖ್ಯಸ್ಥರು. ಅದೇ ಶಾಲೆ ಬೆಳೆದು ಈಗ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿದೆ. ಅವರ ಸನ್ನಿಸೈಡ್ ಮನೆ ಮಡಿಕೇರಿಯಲ್ಲಿ ಮ್ಯೂಸಿಯಂ ಆಗಿದೆ. ಹೊರಡುವ ಮುಂಚೆ ಒಮ್ಮೆ ನೋಡಿಕೊಂಡು ಹೋಗಿ.

ರಾತ್ರಿ ಬೂಟನ್ನು ಕಾರಿನಲ್ಲೋ ವರಾಂಡದಲ್ಲೋ ಬಿಡಬೇಡಿ. ತಣ್ಣಗಾದ ಪ್ಲಾಸ್ಟಿಕ್ ಕಲ್ಲಿನ ಹಾಗೆ ಗಟ್ಟಿಯಾಗಿ, ಬೆಳಿಗ್ಗೆ ಕಾಲು ಒಳಗೆ ಹೋಗುವುದೇ ಕಷ್ಟ. ರೂಮಿಗೆ ತಂದು ಲೈನರ್ ಹೊರತೆಗೆಯಿರಿ, ಕೆಳಗಿನ ಇನ್‌ಸೋಲ್ ಕೂಡ. ಒಳಗೆ ಹಳೇ ಪೇಪರ್ ತುಂಬಿ, ಗಂಟೆ ಬಿಟ್ಟು ಪೇಪರ್ ಬದಲಿಸಿ. ಜೂನ್, ಜುಲೈಯಲ್ಲಿ ಶೂ ಒಣಗಿಸಿ ಗೊತ್ತಿರುವ ನಮಗೆ ಇದನ್ನು ಕಲಿಸಬೇಕಾಗಿಲ್ಲ. ಆದರೆ ಊರಿನಲ್ಲಿ ಒಲೆಯ ಪಕ್ಕ ಇಡುವ ಅಭ್ಯಾಸ ಅಲ್ಲಿ ಬೇಡ. ಕಾಶ್ಮೀರದ ಕೋಣೆಗಳಲ್ಲಿ ಬುಖಾರಿ ಇರುತ್ತದೆ, ಕಟ್ಟಿಗೆ ಉರಿಸುವ ಕಬ್ಬಿಣದ ಒಲೆ. ಅದಕ್ಕೆ ಹತ್ತಿರ ಇಟ್ಟರೆ ಲೈನರಿನ ಫೋಮ್ ಕುಗ್ಗಿ ಹಾಳಾಗುತ್ತದೆ. ಬೆಚ್ಚಗಿನ ಗಾಳಿ ತಾಗುವಷ್ಟು ದೂರ ಇಡಿ.

ಬೆರಳಿಗೆ ಅಂಟಿಸುವ ಟೋ ವಾರ್ಮರ್ ಬಗ್ಗೆ ತುಂಬ ಜನ ಕೇಳುತ್ತಾರೆ. ಅದರೊಳಗಿನ ಕಬ್ಬಿಣದ ಪುಡಿ ಗಾಳಿ ತಾಗಿದಾಗ ಬಿಸಿಯಾಗುತ್ತದೆ. ಬಿಗಿ ಬೂಟಿನೊಳಗೆ ಗಾಳಿಯೇ ಕಡಿಮೆ, ಹಾಗಾಗಿ ಶಾಖವೂ ಕಡಿಮೆ. ಜಾಗ ಬೇರೆ ತಿನ್ನುತ್ತದೆ. ಹಾಕುವುದಾದರೆ ಸಾಕ್ಸಿನ ಹೊರಗೆ ಹಾಕಿ, ಬರಿ ಚರ್ಮಕ್ಕೆ ಅಂಟಿಸಬೇಡಿ. ಬ್ಯಾಟರಿ ಸಾಕ್ಸ್ ಚೆನ್ನಾಗಿ ಕೆಲಸ ಮಾಡುತ್ತದೆ, ಬೆಲೆ ಜಾಸ್ತಿ. ವಿಮಾನದಲ್ಲಿ ಅದರ ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲೇ ಒಯ್ಯಬೇಕು.

ಇಳಿಜಾರಿನಲ್ಲಿ ಚಳಿ ಶುರುವಾದರೆ ಬೂಟನ್ನಷ್ಟೇ ನೋಡಬೇಡಿ. ಎದೆ, ತಲೆ, ಕುತ್ತಿಗೆ ಬೆಚ್ಚಗಿದ್ದರೆ ದೇಹ ಬೆರಳಿಗೆ ರಕ್ತ ಬಿಡುತ್ತದೆ. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿ. ಜೇಬಿನಲ್ಲಿ ಕಡಲೆಬೀಜ, ಬೆಲ್ಲ ಇರಲಿ. ಬಕಲ್ ಸಡಿಲಿಸಿ, ಕೋಲು ಊರಿ ನಿಂತು ಒಂದು ಕಾಲನ್ನು ಹಿಂದೆ ಮುಂದೆ ಜೋರಾಗಿ ಬೀಸಿ. ಇಪ್ಪತ್ತು, ಮೂವತ್ತು ಸಲ ಬೀಸಿದರೆ ರಕ್ತ ಬೆರಳಿಗೆ ಇಳಿದದ್ದು ಗೊತ್ತಾಗುತ್ತದೆ. ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳುತ್ತೇನೆ: ಚಳಿಗೆ ಅಂತ ಒಂದು ಪೆಗ್ ಹಾಕಬೇಡಿ. ಚರ್ಮ ಬಿಸಿಯಾದ ಹಾಗೆ ಅನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಸಿಗರೇಟ್ ರಕ್ತನಾಳವನ್ನೇ ಕುಗ್ಗಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ಚಳಿಗೆ ಬೆರಳು ಬೆಳ್ಳಗಾಗುವ ರೇನಾಡ್ಸ್ ಇದ್ದವರು ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಬೇಕು.

ನೋವಿರುವವರೆಗೆ ಬೆರಳು ಮಾತಾಡುತ್ತಿದೆ ಎಂದು ತಿಳಿಯಿರಿ. ನೋವು ಹೋಗಿ ಏನೂ ಗೊತ್ತಾಗದೆ ಹೋದರೆ ಅಲ್ಲೇ ನಿಲ್ಲಿಸಿ ಒಳಗೆ ಬನ್ನಿ. ಗುಲ್ಮಾರ್ಗಿನ ಗೊಂಡೋಲಾದ ಎರಡನೇ ಹಂತ 3,900 ಮೀಟರ್ ದಾಟುತ್ತದೆ, ಅಲ್ಲಿ ಇನ್ನೊಂದು ರೌಂಡ್ ಅಂತ ಕಾಯಬೇಡಿ. ಬೂಟು ಬಿಚ್ಚಿ ನೋಡಿ. ಬೆರಳು ಬೆಳ್ಳಗೆ ಇದ್ದರೆ ಜೊತೆಗಾರರ ಹೊಟ್ಟೆಗೋ ಕಂಕುಳಿಗೋ ಪಾದ ಒತ್ತಿಡಿ. ಹಿಮದಿಂದ ಉಜ್ಜುವುದು, ಮಸಾಜ್ ಮಾಡುವುದು, ಬೆಂಕಿಗೆ ಹಿಡಿಯುವುದು ಯಾವುದೂ ಬೇಡ. ಸ್ಪರ್ಶ ಇಲ್ಲದ ಚರ್ಮ ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ. ಮೇಣದಂತೆ ಗಟ್ಟಿಯಾಗಿದ್ದರೆ, ಬೂದು ಬಣ್ಣಕ್ಕೆ ತಿರುಗಿದ್ದರೆ, ಗುಳ್ಳೆ ಎದ್ದಿದ್ದರೆ ನೇರ ಆಸ್ಪತ್ರೆಗೆ ಹೋಗಿ. ಆಸ್ಪತ್ರೆ ದೂರವಿದ್ದು, ಬೆರಳು ಮತ್ತೆ ಹೆಪ್ಪುಗಟ್ಟುವ ಭಯ ಇಲ್ಲದಿದ್ದರೆ ಮಾತ್ರ 37ರಿಂದ 39 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕಾಲಿಡಬಹುದು. ಮೊಣಕೈ ಅದ್ದಿದರೆ ಹಿತವಾಗಿರಬೇಕು, ಸುಡಬಾರದು. ಆ ದಿನ ಮತ್ತೆ ಬೂಟು ಹಾಕಬೇಡಿ.